ಕೂರದೆ ಹೋದ ಸೋದರಮಾವ

ಟಿನ್ ಫ್ಯಾಕ್ಟರಿ ಹತ್ತಿರ ಬಸ್ಸಿನಿಂದ ಇಳಿಯುವಾಗ ಜಾರಿ ಕುಕ್ಕರಿಸಿ ಬಿದ್ದ ಮೇಲೆ ಮುನಿನಾರಾಯಣಪ್ಪನವರಿಗೆ ಬಲಗಡೆ ಪಿರ್ರೆಯಲ್ಲಿ ನೋವು ಶುರುವಾಯಿತು. ಕೂತರೆ ಸಾಕು, ಅಲ್ಲಿ ಉರಿ ಎದ್ದು ಪಾದದವರೆಗೂ ಜೋಮು ಹಿಡಿಯುತ್ತಿತ್ತು. ಹೆಂಡತಿ ತೀರಿಕೊಂಡಿದ್ದರು. ಮಗ ಶ್ರೀನಿವಾಸ್, ಸೊಸೆ ಸುಕನ್ಯ ಕೇಳಿದಾಗ "ಮಂಡಿ ನೋವು" ಅಂದುಬಿಟ್ಟರು. ಊರವರು ನ್ಯಾಯಕ್ಕೆ ಕರೆಯುವ ಹಿರಿಯರು ಅವರು, ಸೊಸೆಯ ಮುಂದೆ ಆ ಜಾಗದ ಹೆಸರು ಬಾಯಿಗೆ ಬರಲಿಲ್ಲ. ಏನೂ ಆಗದ ಮಂಡಿಗೆ ಎಕ್ಸ್‌ರೇ ತೆಗೆಸಿದರು, ಎಣ್ಣೆ ಹಚ್ಚಿಕೊಂಡರು.

ಅಷ್ಟರಲ್ಲಿ ಹಲಸೂರಿನಲ್ಲಿ ತಂಗಿ ಆಂಜನಮ್ಮನ ಮಗಳ ನಿಶ್ಚಿತಾರ್ಥ ಬಂತು. ಹುಡುಗಿಗೆ ತಂದೆ ಇರಲಿಲ್ಲ. ತಾಂಬೂಲ ಬದಲಾಯಿಸಲು ಸೋದರಮಾವನೇ ಕೂರಬೇಕು. ಗಂಡಿನ ಕಡೆಯವರು ಆಗಲೇ ಚಾಪೆಯ ಮೇಲೆ ಕೂತಿದ್ದರು.

"ಬಾ ಅಣ್ಣ, ಕೂತ್ಕೊ," ಅಂದಳು ಆಂಜನಮ್ಮ.

ಮಂಡಿ ಮಡಿಸುತ್ತಿದ್ದಂತೆ ಕಾಲೆಲ್ಲ ಸಿಡಿದಂತಾಗಿ ಕಣ್ಣಲ್ಲಿ ನೀರು ಬಂತು. ಇಷ್ಟು ಜನರ ಮುಂದೆ ಕಿರುಚಿಬಿಡುತ್ತೇನೇನೋ ಅನ್ನಿಸಿತು. "ಬೇರೆ ಯಾರನ್ನಾದ್ರೂ ಕೂರಿಸ್ಕೊ, ನನಗೆ ಕೆಲಸ ಇದೆ," ಎಂದು ಹೊರಟೇಬಿಟ್ಟರು.

ಮಾವನಿಗೇ ಈ ಸಂಬಂಧ ಹಿಡಿಸಿಲ್ಲ ಅಂತ ಬೀಗರು ಆಡಿಕೊಂಡರು. ಆಂಜನಮ್ಮ ಅಣ್ಣನ ಫೋನ್ ಎತ್ತುವುದನ್ನು ಬಿಟ್ಟಳು. ಮದುವೆಗೂ ಕರೆಯಲಿಲ್ಲ.

ಒಂದು ಮಧ್ಯಾಹ್ನ ಸುಕನ್ಯ ಕೇಳಿದಳು: "ಮಂಡಿ ನೋವಿರೋರು ಯಾರಾದ್ರೂ ನಿಂತ್ಕೊಂಡು ಊಟ ಮಾಡ್ತಾರಾ ಮಾವ? ನಿಮಗೆ ಕೂರೋಕೆ ಆಗ್ತಿಲ್ಲ ಅಲ್ವಾ?"

ಅವರು ಗೋಡೆ ನೋಡುತ್ತಾ "ಹೂಂ" ಅಂದರು.

ಇಂದಿರಾನಗರದ ಆಸ್ಪತ್ರೆಯಲ್ಲಿ ಡಾಕ್ಟರ್ ಪ್ರಿಯದರ್ಶಿನಿ ಬೆನ್ನಿನ ಸ್ಕ್ಯಾನ್ ನೋಡಿದರು, ಅದರಲ್ಲಿ ತೊಂದರೆ ಇರಲಿಲ್ಲ. ಕಾಲು ಮಡಿಸಿ ಒಳಕ್ಕೆ ತಿರುಗಿಸಿದಾಗ ಮುನಿನಾರಾಯಣಪ್ಪ ಮಂಚದ ಅಂಚು ಹಿಡಿದುಕೊಂಡರು.

"ಪಿರ್ರೆ ಒಳಗೆ ಪಿರಿಫಾರ್ಮಿಸ್ ಅಂತ ಒಂದು ಸ್ನಾಯು ಇದೆ. ಅದು ಬಿಗಿದು ಕಾಲಿಗೆ ಹೋಗೋ ನರವನ್ನ ಅಮುಕ್ತಾ ಇದೆ," ಅಂದರು ಡಾಕ್ಟರ್.

ತಿಂಗಳುಗಟ್ಟಲೆ ವ್ಯಾಯಾಮ ಮಾಡಿಸಿ, ಇಂಜೆಕ್ಷನ್ ಕೊಟ್ಟರೂ ನೋವು ಇಳಿಯಲಿಲ್ಲ. ಸ್ನಾಯುವಿನ ತುದಿ ಕತ್ತರಿಸಿ ನರವನ್ನು ಸಡಿಲ ಮಾಡುವುದೊಂದೇ ದಾರಿ ಎಂದರು. ಆಪರೇಷನ್ ಆಯಿತು. ಮನೆಗೆ ಬಂದ ಮೇಲೆ ಗಾಯದ ಬ್ಯಾಂಡೇಜನ್ನು ಮಗನೇ ಬದಲಾಯಿಸುತ್ತಿದ್ದ. ಅವನು ಊರಲ್ಲಿಲ್ಲದ ದಿನ ಆ ಕೆಲಸ ಸುಕನ್ಯಳ ಪಾಲಿಗೆ ಬಂತು. ಅವರು ದಿಂಬಿನಲ್ಲಿ ಮುಖ ಹುದುಗಿಸಿ ಮಲಗಿದರು. ಅವಳು ಬ್ಯಾಂಡೇಜ್ ಬದಲಾಯಿಸಿ ಕೈ ತೊಳೆಯಲು ಹೋದಳು.

ನೋವಿಲ್ಲದೆ ಕೂರಲು ಬಂದ ಮೇಲೆ ತಂಗಿಯ ಮನೆಗೆ ಹೋದರು.

"ಅವತ್ತು ಕೆಲಸ ಇರಲಿಲ್ಲ. ಪಿರ್ರೆ ನೋವು, ಕೂರೋಕೆ ಆಗ್ಲಿಲ್ಲ. ಹೇಳೋಕೆ ನಾಚಿಕೆ ಆಯ್ತು."

ಆಂಜನಮ್ಮ ಅಣ್ಣನ ಎದುರಿಗೆ ಬಂದು ಕೂತಳು. "ನನ್ನ ಕಿವೀಲಿ ಒಂದು ಮಾತು ಹೇಳಿದ್ರೆ ನಿಂತೇ ತಾಂಬೂಲ ಕೊಡು ಅಂತಿದ್ದೆ. ಮದುವೇಲೂ ಹುಡುಗಿ ಬಾಗಿಲ ಕಡೆ ನೋಡ್ತಾನೇ ಇದ್ಲು, ಕರೀದಿದ್ರೂ ಮಾವ ಬರ್ತಾನೆ ಅಂತ."

ಆಂಜನಮ್ಮ ಮಗಳಿಗೆ ಫೋನ್ ಮಾಡಿ ಅಣ್ಣನ ಕೈಗೆ ಕೊಟ್ಟಳು.

"ಇದನ್ನ ನೀನೇ ಹೇಳು."

ಆ ಕಡೆಯಿಂದ ಹುಡುಗಿ "ಹೇಳಮ್ಮ" ಅಂದಳು.

"ನಾನಮ್ಮ, ನಿನ್ನ ಮಾವ," ಅಂದರು. "ಅವತ್ತು ನಾನು ಸಂಬಂಧ ಹಿಡಿಸದೆ ಹೋಗಿದ್ದಲ್ಲ, ಪಿರ್ರೆ ನೋವಿತ್ತು, ಕೂರೋಕೆ ಆಗ್ಲಿಲ್ಲ."