ಸಣ್ಣ ದನಿ, ಸಣ್ಣ ಫೈಲು

ಆಶಮ್ಮನ ದನಿ ಎಂಥದೆಂದರೆ, ಮಕ್ತಲ್‌ನ ಆ ಓಣಿಯಲ್ಲಿ ಆಕೆ ತನ್ನ ಕುರಿಗಳನ್ನು ಕರೆದರೆ ಪಕ್ಕದ ಓಣಿಯ ಕುರಿಗಳೂ ಕಿವಿ ನಿಮಿರಿಸುತ್ತಿದ್ದವು. ಅವರ ಬಳಗದ ಯಾವ ಮದುವೆಯಲ್ಲಾದರೂ ಅಷ್ಟೆ, ಕುಲದೇವರು ಬೀರಪ್ಪನ ಹೆಸರು ಹಿಡಿದು ಆಕೆ ಮೊದಲ ಸೊಲ್ಲು ಎತ್ತದೆ ಅರಿಶಿಣ ಕುಟ್ಟುವ ಒನಕೆ ಮೇಲೇಳುತ್ತಿರಲಿಲ್ಲ. ಈ ವರ್ಷ ಅದೇ ಪೇಚಿಗೆ ಬಂತು. ಗದ್ವಾಲ್‌ನಲ್ಲಿ ತಮ್ಮ ಅಂಜಯ್ಯನ ಮಗಳು ಸ್ರವಂತಿಯ ಮದುವೆ, ಮಕ್ತಲ್‌ನಲ್ಲಿ ಮೈದುನನ ಮಗನ ಮದುವೆ. ಎರಡೂ ಮನೆಯ ಅರಿಶಿಣ ಒಂದೇ ಬೆಳಿಗ್ಗೆ. ಹಿರಿಯ ಸೊಸೆಯಾದ ಆಶಮ್ಮ ಮಕ್ತಲ್ ಬಿಟ್ಟು ಕದಲುವಂತಿರಲಿಲ್ಲ. ಅಕ್ಕನ ದನಿ ಕೇಳದೆ ತನ್ನ ಅಂಗಳದಲ್ಲಿ ಅರಿಶಿಣ ಕುಟ್ಟಿಸುವುದಿಲ್ಲವೆಂದು ಅಂಜಯ್ಯ ಫೋನಿನಲ್ಲೇ ಹಟ ಹಿಡಿದ.

ಹಾಡನ್ನು ರೆಕಾರ್ಡ್ ಮಾಡಿ ಕಳಿಸೋಣ ಎಂದವಳು ಆಶಮ್ಮನ ಸೊಸೆ ರಜಿತಾ. ಮಾತು ಬಾಯಿಂದ ಬಿದ್ದ ಕೂಡಲೇ ಅವಳಿಗೆ ದಿಗಿಲಾಯಿತು. ನಾರಾಯಣಪೇಟೆಯಲ್ಲಿ ಡಿಗ್ರಿ ಓದಿ ಬಂದವಳೆಂದು ಮನೆಯಲ್ಲಿ ಅವಳ ಮೇಲೆ ಎಲ್ಲರಿಗೂ ಭರವಸೆ. ಅವಳಿಗೋ ಒಲೆ ಆರಿಸಿದೆನೋ ಇಲ್ಲವೋ ಎಂದು ಎರಡು ಸಲ ಹೋಗಿ ನೋಡುವ ಸ್ವಭಾವ. ಅತ್ತೆಯ ದನಿ ತನ್ನ ಕೈಯಲ್ಲಿ ಕೆಟ್ಟರೆ? ಇಡೀ ಗದ್ವಾಲ್ ಬಳಗ ಆ ಕೆಟ್ಟ ದನಿ ಕೇಳಿ, ಆಶಮ್ಮ ಮನಸ್ಸಿಲ್ಲದ ಮನಸ್ಸಿನಿಂದ ಹಾಡಿದ್ದಾಳೆ ಎಂದುಕೊಂಡರೆ?

ಆದರೂ ಕೆಲಸ ಶುರುವಾಯಿತು. ರಜಿತಾಳ ಗಂಡ ಸಾಯಿಕುಮಾರ್ ಮದುವೆ ಮನೆಗಳಿಗೆ ಮೈಕ್‌ಸೆಟ್ ಕೊಡುವವನು. ಅವನ ಒಳ್ಳೆಯ ಮೈಕೊಂದನ್ನು ಲ್ಯಾಪ್‌ಟಾಪಿಗೆ ಜೋಡಿಸಿದ್ದಾಯಿತು. ದನಿ ಗೋಡೆಗೆ ಬಡಿದು ತಿರುಗಿ ಬರಬಾರದೆಂದು ರಜಿತಾ ಕೋಣೆಯ ಸುತ್ತ ಕಂಬಳಿ ತೂಗುಹಾಕಿದಳು. ಆಶಮ್ಮ ನಡುವೆ ಕುಳಿತು, ಕಣ್ಣು ಮುಚ್ಚಿ, ಬಳೆಗೈಯಿಂದ ತೊಡೆ ತಟ್ಟುತ್ತ ಹಾಡಿದಳು. ಕೇಳುತ್ತಿದ್ದ ರಜಿತಾಳ ಮೈ ಜುಮ್ಮೆಂದಿತು.

ಫೈಲು ಮಾತ್ರ ವಿಪರೀತ ದೊಡ್ಡದಾಗಿತ್ತು. ಅಂಜಯ್ಯನ ಫೋನಿನಲ್ಲಿ ಹಳೆಯ ಮದುವೆಗಳ ವಿಡಿಯೊ ತುಂಬಿ ಅಷ್ಟು ಜಾಗವೇ ಇರಲಿಲ್ಲ; ಒಂದನ್ನೂ ಅಳಿಸಲು ಅವನು ಒಪ್ಪಲಿಲ್ಲ. ಪೆನ್‌ಡ್ರೈವ್ ಹಿಡಿದು ಬಸ್ಸು ಹತ್ತಲು ಮದುವೆಯ ಗಡಿಬಿಡಿಯಲ್ಲಿ ಯಾರಿಗೂ ಬಿಡುವಿಲ್ಲ. ರಜಿತಾ ಅದನ್ನು ಕುಗ್ಗಿಸಿ ಎಂಪಿತ್ರೀ ಮಾಡಿದಳು. ಎಲ್ಲಿ ಫೋನಿನಲ್ಲಿ ಹಿಡಿಯುವುದಿಲ್ಲವೋ ಎಂಬ ಅಂಜಿಕೆಯಿಂದ ಗುಣಮಟ್ಟದಲ್ಲಿ ಎಲ್ಲಕ್ಕಿಂತ ಕೆಳಗಿನ ಅಳತೆ ಆರಿಸಿ ಕಳಿಸಿದಳು.

ಸ್ವಲ್ಪ ಹೊತ್ತಿಗೆ ಅಂಜಯ್ಯನ ಫೋನು ಬಂತು.

“ಸೊಸಿ, ಅಕ್ಕ ಆರಾಮ ಅದಾಳಿಲ್ಲ? ಬಾವ್ಯಾಗ ಬಿದ್ದು ಹಾಡಿದಂಗ ಐತಲ್ಲ.”

ರಜಿತಾ ಇಯರ್‌ಫೋನ್ ಹಾಕಿಕೊಂಡು ಕೇಳಿದಳು. ನಿಜ. ಬಳೆಯ ಕಿಣಿಕಿಣಿ ಹೋಗಿ ನೀರಿನ ಗುಳುಗುಳು ಆಗಿತ್ತು. ‘ಸ’ ಅಂದಲ್ಲೆಲ್ಲ ಸೀಟಿ. ಗಾಬರಿಯಲ್ಲಿ ಅದೇ ಫೈಲನ್ನು ಮೇಲಿನ ಅಳತೆಗೆ ಏರಿಸಿ ನೋಡಿದಳು. ಗಾತ್ರ ದೊಡ್ಡದಾಯಿತು, ಅತ್ತೆ ಮಾತ್ರ ಬಾವಿಯಿಂದ ಮೇಲೆ ಬರಲಿಲ್ಲ. ಒಮ್ಮೆ ಸೋಸಿ ಚೆಲ್ಲಿದ್ದು ಮತ್ತೆ ಬರುವುದಿಲ್ಲವೆಂದು ಆಗ ಅವಳಿಗೆ ತಿಳಿಯಿತು. ಪುಣ್ಯಕ್ಕೆ ಮೊದಲಿನ ಫೈಲನ್ನು ಅವಳು ಅಳಿಸಿರಲಿಲ್ಲ.

ಅತ್ತೆಗೆ ಏನು ಹೇಳುವುದು? ಮಾತು ತೂಗಿ ತೂಗಿ, ತಪ್ಪು ಯಾರ ಮೇಲೂ ಬೀಳದಂತೆ ಹೇಳಿದಳು: “ಅತ್ತಿ, ಹಾಡು ಭಾಳ ದೊಡ್ಡದಾಗೇತ್ರಿ. ಮಾವನ ಫೋನಿನ್ಯಾಗ ಹಿಡಿಯಂಗಿಲ್ಲ. ಸಣ್ಣ ಮಾಡಬೇಕ್ರಿ.”

ಆಶಮ್ಮನ ಮುಖ ಸ್ವಲ್ಪ ಇಳಿಯಿತು. ಮತ್ತೆ ಕಂಬಳಿಗಳ ನಡುವೆ ಹೋಗಿ ಕುಳಿತು, ಮೈಕು ಹಚ್ಚೆಂದಳು. ಇನ್ನೊಮ್ಮೆ ಹಾಡಿದರೆ ಕೆಟ್ಟದ್ದೇನೂ ಇಲ್ಲವೆಂದು ರಜಿತಾ ಹಚ್ಚಿದಳು. ಆದರೆ ಬಂದ ದನಿಯೇ ಬೇರೆ. ಆಶಮ್ಮ ಹಾಡುತ್ತಿದ್ದಳೋ, ಮಲಗಿದ ಕೂಸು ಎಚ್ಚರಾಗದಂತೆ ಮಾತಾಡುತ್ತಿದ್ದಳೋ! ಬಳೆಗಳನ್ನೂ ಮೊಣಕೈವರೆಗೆ ಏರಿಸಿಕೊಂಡಿದ್ದಳು. ಗಂಟಲು ಕಟ್ಟಿತೇನೋ ಎಂದು ರಜಿತಾ ಬಿಸಿನೀರು ತರಲು ಎದ್ದಳು.

ಆಶಮ್ಮ ಹಾಡು ನಿಲ್ಲಿಸಿ, ಇನ್ನೂ ಪಿಸುದನಿಯಲ್ಲೇ ಕೇಳಿದಳು: “ಈಗ ಎಷ್ಟಾತು ನೋಡು. ಹಿಡಿತೈತೇನು?”

“ಏನ್ರಿ ಅತ್ತಿ?”

“ನೀನ ಅಂದೆಲ್ಲ, ಸಣ್ಣ ಮಾಡಬೇಕಂತ. ಅದಕ್ಕ ಸಣ್ಣ ದನೀಲೆ ಹಾಡಾಕತ್ತೀನಿ.”

ರಜಿತಾ ಅತ್ತೆಯನ್ನೂ ಲ್ಯಾಪ್‌ಟಾಪನ್ನೂ ನೋಡಿದಳು. ಸುಮ್ಮನೆ ಇಲ್ಲವೆಂದು ಹೇಳಿದರೆ ಅತ್ತೆಗೆ ನೋವಾದೀತೆಂದು ಎರಡೂ ಹಾಡುಗಳಿಂದ ಒಂದೊಂದು ನಿಮಿಷ ಕತ್ತರಿಸಿ ಪಕ್ಕಪಕ್ಕ ಇಟ್ಟು ತೋರಿಸಿದಳು. ಕೂಗಿ ಹಾಡಿದ್ದೂ ಪಿಸುಗುಟ್ಟಿದ್ದೂ ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲದೆ ಒಂದೇ ಗಾತ್ರ.

“ಇದು ಹೊತ್ತಿನ ಅಳತಿ ತಗೋತೈತ್ರಿ, ದನೀದಲ್ಲ” ಎಂದಳು.

ಆಶಮ್ಮ ಪರದೆಯನ್ನೇ ದಿಟ್ಟಿಸಿದಳು. “ಹಂಗಾದ್ರ ಇಷ್ಟೊತ್ತು ನಾ ಕಳ್ಳಿಯಂಗ ಯಾಕ ಹಾಡಿದೆ?” ಎಂದು ತನ್ನ ಅಸಲು ದನಿಯಲ್ಲಿ ನಕ್ಕಳು. ಮೈಕು ಇನ್ನೂ ಹಚ್ಚಿಯೇ ಇತ್ತು; ಪರದೆಯ ಮೇಲಿನ ದನಿಯ ಗೆರೆಗಳು ಅಂಚಿನವರೆಗೂ ಹಾರಿದವು. ರಜಿತಾಳಿಗೂ ನಗು ತಡೆಯಲಾಗಲಿಲ್ಲ. ಅತ್ತೆ ಸೊಸೆ ಇಬ್ಬರೂ ಕಂಬಳಿಗೆ ಒರಗಿ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

ನಕ್ಕು ಮುಗಿದ ಮೇಲೆ ರಜಿತಾ ಆ ಗೆರೆಗಳನ್ನು ಗಮನಿಸಿದಳು. ಎಡಗಿವಿಗೊಂದು, ಬಲಗಿವಿಗೊಂದು ಎಂದು ಒಂದರ ಕೆಳಗೊಂದು ಎರಡು ಗೆರೆ. ಎರಡೂ ಒಂದೇ ತರಹ. ಇದ್ದದ್ದು ಒಂದು ಮೈಕು, ಹಾಡಿದ್ದು ಒಬ್ಬಳೇ ಆಶಮ್ಮ. ಲ್ಯಾಪ್‌ಟಾಪು ಅದನ್ನೇ ಎರಡು ಸಲ ಬರೆದಿಟ್ಟಿತ್ತು. ಒಂದನ್ನು ಬಿಟ್ಟರೆ ಹಾಡಿಗೆ ಒಂದು ಚೂರೂ ಕುಂದಿಲ್ಲ. ಮೊದಲ ಸಲ ಹಾಡಿದ ಮೂಲ ಫೈಲನ್ನೇ ತೆಗೆದು, ಒಂದೇ ಗೆರೆಯ ಮೋನೊ ಮಾಡಿ, ಅದರಿಂದ ಉಳಿದ ಜಾಗವನ್ನೆಲ್ಲ ದನಿಗೇ ಕೊಟ್ಟು, ಮೇಲಿನ ಅಳತೆಯಲ್ಲಿ ಎಂಪಿತ್ರೀ ಮಾಡಿದಳು. ಕೇಳಿದಳು. ಅತ್ತೆಗೂ ಕೇಳಿಸಿದಳು. ಬಳೆ ಬಳೆಯಂತೆ ಕೇಳಿತು. ‘ಸ’ ಅಂದಲ್ಲಿ ‘ಸ’ ಇತ್ತು. ಹಾಗಿದ್ದೂ ಕಳಿಸುವ ಮೊದಲು ಇನ್ನೊಮ್ಮೆ ಕೇಳದೆ ಅವಳ ಬೆರಳು ಗುಂಡಿ ಒತ್ತಲಿಲ್ಲ.

ಅರಿಶಿಣದ ಬೆಳಿಗ್ಗೆ ಮಕ್ತಲ್‌ನ ಅಂಗಳದಲ್ಲಿ ಆಶಮ್ಮ ಆಗಷ್ಟೇ ಒಂದು ಹಾಡು ಮುಗಿಸಿ ವೀಳ್ಯದೆಲೆಗೆ ಸುಣ್ಣ ಸವರುತ್ತಿದ್ದಳು. ರಜಿತಾಳ ಫೋನು ಬಡಿದುಕೊಂಡಿತು. ಅಂಜಯ್ಯ. ತನ್ನ ಫೋನಿನಲ್ಲಿ ಹಾಡು ಹಚ್ಚಿ, ಮಗಳ ಫೋನಿನಿಂದ ಮಾಡಿದ್ದ. ಎತ್ತಿದರೆ ಒಳಗಿಂದ ಆಶಮ್ಮನ ದನಿ, ಅದರ ಹಿಂದೆ ಗದ್ವಾಲ್‌ನ ಹೆಂಗಸರ ದನಿ, ಒನಕೆಯ ಪೆಟ್ಟು, ಕೇಕೆ.

“ಸೊಸಿ, ಅಕ್ಕಗ ಸ್ವಲ್ಪ ನಿಂದ್ರಾಕ ಹೇಳು” ಎಂದ ಅಂಜಯ್ಯ, ಏದುಸಿರಿನಲ್ಲಿ. “ಅರಿಶಿಣ ಗಟ್ಟಿ ಐತಿ. ಇವರು ಒಂದು ಸೊಲ್ಲು ಕುಟ್ಟೂದ್ರಾಗ ಅಕಿ ಮುಂದಿನದು ಹಾಡಿಬಿಡ್ತಾಳ. ನಮ್ಮ ಮಾತ ಕೇಳವಲ್ಲಳು.”

ಬಾವಿಯ ಮಾತಿಲ್ಲ. ರಜಿತಾ ತಡೆದಿಟ್ಟ ಉಸಿರು ಬಿಟ್ಟಳು. ಹಾಡುತ್ತಿರುವ ಫೋನಿನ ಪರದೆಯ ಮೇಲೆ ಎರಡು ನೆಟ್ಟಗಿನ ಗೆರೆ ಇವೆ, ಅದನ್ನು ಒತ್ತಿರಿ ಮಾವ, ಅತ್ತೆ ನಿಲ್ಲುತ್ತಾರೆ ಎಂದು ಹೇಳಿಕೊಟ್ಟಳು. ಗದ್ವಾಲ್‌ನ ಆಶಮ್ಮ ತಟ್ಟನೆ ನಿಂತಳು. ಅಲ್ಲಿ ದೊಡ್ಡ ನಗೆ ಎದ್ದಿತು.

ಮಕ್ತಲ್‌ನ ಆಶಮ್ಮ ಫೋನು ಕಸಿದುಕೊಂಡಳು. “ಏ ಅಂಜಯ್ಯಾ, ಅಲ್ಲಿರೂ ಆಶಮ್ಮ ಗುಂಡಿ ಒತ್ತಿದ್ರ ಸುಮ್ಮನಾಗ್ತಾಳ. ಅಕಿನ್ನ ನೀನ ಇಟಗೋ. ನನ್ನ ಸುಮ್ಮನಿರಸಾಕ ಇಲ್ಲಿ ಯಾರ ಕೈಲೂ ಆಗಂಗಿಲ್ಲ.”

ಎಲೆ ಬಾಯಿಗಿಟ್ಟು, ಅಗಿಯುವುದನ್ನೂ ಮರೆತು, ಆಕೆ ಮುಂದಿನ ಸೊಲ್ಲು ಎತ್ತಿದಳು. ರಜಿತಾ ಒನಕೆಗೆ ಕೈ ಹಾಕಿದಳು.