ಇಬ್ಬರದೂ ತಪ್ಪು

ನಂದಾ ಸತ್ತ ತಾಯಿಯ ಎಡಗೈಯನ್ನು ತಿರುಗಿಸಲು ಹೆಣಗುತ್ತಿದ್ದಳು. ಅಂಗೈ ಮೇಲಾಗಬೇಕು, ಅದರಲ್ಲಿ ಇಷ್ಟಲಿಂಗ ಇಡಬೇಕು. ಅನ್ನವ್ವನ ಮೈತೊಳೆದು, ವಿಭೂತಿ ಹಚ್ಚಿ, ತವರಿನ ಸೀರೆ ಉಡಿಸಿ, ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದ್ದಾಗಿತ್ತು. ಉಳಿದ ಮೈಯೆಲ್ಲ ಹೇಳಿದಂತೆ ಕೇಳಿತು, ಆ ಒಂದು ಕೈ ಕೇಳಲಿಲ್ಲ. ಅರ್ಧ ತಿರುಗಿ ಹಟಮಾರಿ ಕೂಸಿನ ಹಾಗೆ ನಿಂತುಬಿಡುತ್ತಿತ್ತು.

"ಸೆಟದೈತಿ ಬಿಡವಾ, ಸ್ವಲ್ಪ ಜೋರು ಹಾಕು," ಎಂದ ಬಾಗಿಲಲ್ಲಿ ನಿಂತಿದ್ದ ಸಂಗನಬಸವ. ನಂದಾಳ ತಂದೆಯ ತಮ್ಮ, ಯರಗುಪ್ಪಿಯಲ್ಲಿ ನಾಲ್ಕು ಜನರ ಜಗಳ ಬಗೆಹರಿಸುವವನು. ಬೆಳಗಿನಿಂದ ಅವನ ಕಿವಿಗೆ ಮೊಬೈಲು ಅಂಟಿಕೊಂಡೇ ಇತ್ತು. "ಹಾಂ, ಗೌರೀಶ, ಅಣ್ಣಿಗೇರಿ ಬಿಟ್ಟಿಯೇನು? ಸಾವಕಾಶ ಬಾರಪಾ. ಅಳಿಯ ಬರೂತನಾ ನಾವೇನು ಎತ್ತೂದಿಲ್ಲ."

ಗೌರೀಶ ಎಂಬ ಹೆಸರು ಕೇಳಿದ್ದೇ ನಂದಾಳ ಕೈ ತಾಯಿಯ ಕೈಯಿಂದ ಜಾರಿತು. ಗಂಡನ ಮನೆ ಬಿಟ್ಟು ಬಂದು ಇನ್ನೂ ತಿಂಗಳಾಗಿರಲಿಲ್ಲ. ಇವತ್ತು ಮಣ್ಣು ಮುಗಿದ ಮೇಲೆ ಅವಳನ್ನು ಅವನ ಬೈಕಿನ ಹಿಂದೆ ಕೂಡಿಸಿ ಕಳಿಸುವುದೆಂದು ಕಾಕಾ ಮಾತು ಕೊಟ್ಟಿದ್ದ. ಮೂರನೆಯ ದಿನದ ಕಾರ್ಯಕ್ಕೆ ಗಂಡಹೆಂಡತಿ ಕೂಡಿಯೇ ಬರಲಿ, ನೋಡಿದವರಿಗೂ ಚಂದ ಎಂದು ಅವನ ಲೆಕ್ಕ.

"ಕಾಕಾ, ಇದು ಸೆಟದಿದ್ದಲ್ಲ," ಎಂದಳು ನಂದಾ. "ಅವ್ವನ ಕೈ ಭಾಳ ವರ್ಷದಿಂದ ಹಿಂಗ. ಲಿಂಗ ಬಲಗೈಯಾಗ ಹಿಡಕೊಂಡು ಎಡಗೈಲೆ ಪತ್ರಿ ಏರಸ್ತಿದ್ಳು."

ಪೂಜೆಗೆ ಬಂದ ಅಯ್ಯನವರು ವಿಭೂತಿ ಗಟ್ಟಿ ಕೆಳಗಿಟ್ಟು ಕೇಳಿದರು. "ಎಡಚಿ ಇದ್ರೇನು?"

"ಹೌದ್ರಿ, ಊರಾಗ ಹಂಗ ಅಂತಿದ್ರು," ಎಂದಳು ಅನ್ನವ್ವನ ತಂಗಿ ಶಿವಗಂಗಾ. ಅನ್ನುವಾಗ ಅವಳು ಯಾರ ಮುಖವನ್ನೂ ನೋಡಲಿಲ್ಲ.

ಮೂಲೆಯಲ್ಲಿ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದ ಖಾದರಬಿ ಸೆರಗು ತೆಗೆದಳು. ಈ ಮನೆಗೂ ಅವಳ ಮನೆಗೂ ನಡುವೆ ಒಂದೇ ಗೋಡೆ. "ಎಡಚಿ ಅಲ್ರಿ ಅಯ್ನೋರ. ಲಗ್ನಾಗಿ ಬಂದಾಗ ಅಕ್ಕ ಎಲ್ಲಾರ್ಹಂಗ ಪೂಜಿ ಮಾಡ್ತಿದ್ಳು. ನಾ ನೋಡೀನಿ. ಕೈ ಮುರದಮ್ಯಾಲೆ ಹಿಂಗಾತು."

"ಚಕ್ಕಡಿಯಿಂದ ಬಿದ್ದಿದ್ಳು ಆವಾಗ," ಎಂದ ಸಂಗನಬಸವ.

"ನಮ್ಮ ಗ್ವಾಡಿಗೆ ಸಪ್ಪಳ ಬಂದಿತ್ತು. ಚಕ್ಕಡಿ ಮನಿಯೊಳಗ ಬರ್ತೈತೇನ್ರಿ?"

ಹೊರಗಿನ ಕಟ್ಟೆಯ ಮೇಲೆ ಅನ್ನವ್ವನ ಗಂಡ ಶಂಕ್ರಪ್ಪ ಟವೆಲು ಹೆಗಲ ಮೇಲೆ ಹಾಕಿಕೊಂಡು ಕೂತಿದ್ದ. ಬಾಗಿಲು ತೆರೆದೇ ಇತ್ತು. ಅವನು ಈ ಕಡೆ ತಿರುಗಲಿಲ್ಲ.

"ಆಗಿದ್ದು ಆಗಿ ಹೋತು, ಇವತ್ತ್ಯಾಕ ಆ ಮಾತು," ಎಂದ ಸಂಗನಬಸವ ದನಿ ಇಳಿಸಿ. "ಆಕಿನೂ ಏನು ಕಡಿಮಿ ಇದ್ದಿಲ್ಲ. ಬಾರಿಗಿ ಕತಿ ಯಾರಿಗೆ ಗೊತ್ತಿಲ್ಲ ಹೇಳ್ರಿ."

ಬಾರಿಗೆಯ ಕತೆ ಎಂದದ್ದೇ ಒಂದಿಬ್ಬರು ಸಾವಿನ ಮನೆಯೆಂಬುದನ್ನೂ ಮರೆತು ನಕ್ಕರು.

"ಬಲಗೈಯಾಗ ಇಡ್ರಿ," ಎಂದರು ಅಯ್ಯನವರು. "ಜೀವ ಇದ್ದಾಗ ಹೆಂಗ ಹಿಡದಿದ್ಳೋ ಹಂಗ."

*

ಬಾರಿಗೆಯ ಕತೆಯನ್ನು ಊರು ಹೇಳುವುದು ಹೀಗೆ. ನಂದಾ ಆಗ ಕನ್ನಡ ಸಾಲೆಗೆ ಹೋಗುತ್ತಿದ್ದ ಹುಡುಗಿ. ಒಂದು ಮಧ್ಯಾಹ್ನ ಅನ್ನವ್ವ ಕಸಬಾರಿಗೆ ಹಿಡಿದು ಗಂಡನನ್ನು ಅಂಗಳದ ತುಂಬ ಅಟ್ಟಾಡಿಸಿದಳು. ಬೆನ್ನಿಗೆರಡು ಬಿದ್ದವು. ಶಂಕ್ರಪ್ಪನ ಟವೆಲು ಬಿತ್ತು, ಒಂದು ಕಾಲಿನ ಚಪ್ಪಲಿ ಬಿತ್ತು. ಅವನು ನಗುತ್ತ ಓಡಿ ಓಣಿಗೆ ಬಂದ. ಓಣಿಯೂ ನಕ್ಕಿತು.

ಆಮೇಲೆ ಈ ಕತೆಯನ್ನು ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಿದ್ದವನು ಶಂಕ್ರಪ್ಪನೇ. ಚಹಾದಂಗಡಿಯಲ್ಲಿ ಎದ್ದು ನಿಂತು, ಓಡಿದ್ದು, ಬಗ್ಗಿದ್ದು, ಎಲ್ಲ ಮಾಡಿ ತೋರಿಸುತ್ತಿದ್ದ. "ನಮ್ಮ ಮನ್ಯಾಗ ಇಬ್ರೂ ಪೈಲ್ವಾನ್ರಪಾ. ಒಂದಿನ ನಾ ಗೆದ್ರ ಒಂದಿನ ಆಕಿ." ಅನ್ನವ್ವನ ಬಾಯಿಯೂ ದೊಡ್ಡದು. ಅವಳು ಒದರಿದರೆ ಕೆರೆಯ ದಂಡೆಗೆ ಕೇಳುತ್ತಿತ್ತು, ಶಂಕ್ರಪ್ಪ ಎಂದೂ ದನಿ ಎತ್ತುತ್ತಿರಲಿಲ್ಲ. ಊರಿಗೆ ಅಷ್ಟು ಸಾಕಾಯಿತು. ಗಂಡಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಸುಮ್ಮನಾಯಿತು. ಗಾದೆ ಕಟ್ಟಿದವರು ಉಂಡು ಮಲಗಿದ ಮೇಲೆ ಏನಾಗುತ್ತದೆಂದು ನೋಡಲು ಬಂದವರಲ್ಲ.

ನಂದಾ ನೋಡಿದ್ದಳು. ಅಪ್ಪ ಮೊದಲು ಬಾಗಿಲ ಅಗಳಿ ಹಾಕುತ್ತಿದ್ದ, ಮೆಲ್ಲಗೆ, ಸಪ್ಪಳಾಗದಂತೆ. ಅಗಳಿ ಬಿದ್ದ ಕೂಡಲೇ ಅವ್ವ ಒದರಲು ಸುರು ಮಾಡುತ್ತಿದ್ದಳು, ಏಟು ಬೀಳುವ ಮೊದಲೇ. ಯಾರಾದರೂ ಬರಲೆಂದು ಒದರುತ್ತಾಳೆ ಎಂದು ಮಗಳಿಗೆ ತಿಳಿಯಲು ಬಹಳ ವರ್ಷ ಬೇಕಾದವು. ಊರು ಅದನ್ನು ಬಾಯಿಬಡಕತನ ಎಂದುಕೊಂಡಿತ್ತು. ಬಾರಿಗೆಯ ದಿನ ಮಧ್ಯಾಹ್ನ ಅವಳು ಹೊಡೆದದ್ದು ಬಯಲಲ್ಲಿ, ಎಲ್ಲರ ಕಣ್ಣಮುಂದೆ. ಕತ್ತಲಾದ ಮೇಲೆ ಅಗಳಿ ಬಿತ್ತು. ಮುಖಕ್ಕೆ ಅಡ್ಡ ಹಿಡಿದ ಎಡಗೈ ಮುರಿದದ್ದು ಆಗ. ಚಕ್ಕಡಿಯ ಕತೆ ಹುಟ್ಟಿದ್ದು ಮರುದಿನ ಬೆಳಿಗ್ಗೆ, ಮೂಳೆ ಕಟ್ಟುವವನ ಮನೆಗೆ ಹೋಗುವ ದಾರಿಯಲ್ಲಿ.

*

ಗೌರೀಶ ಹಸಿರು ಸೀರೆ ತಂದಿದ್ದ. ಅತ್ತೆಯ ಮೈಮೇಲೆ ಹೊದಿಸಿ, ಪಾದದ ಹತ್ತಿರ ಕುಸಿದು ಕೂತು ನಿಜವಾಗಿಯೇ ಅತ್ತ. ಅವನು ಕೆಟ್ಟ ಮನುಷ್ಯನ ಹಾಗೆ ಕಾಣುತ್ತಿರಲಿಲ್ಲ, ಅದೇ ದೊಡ್ಡ ತೊಂದರೆ. ಹಿರಿಯರನ್ನು ಕಂಡರೆ ಎದ್ದು ನಿಲ್ಲುವವನು, ಅಣ್ಣಿಗೇರಿಯ ಕಾಳಿನ ಪೇಟೆಯಲ್ಲಿ ಒಳ್ಳೆಯ ಹೆಸರಿದ್ದವನು. ಎಡಹುಬ್ಬಿನ ಮೇಲೆ ಹೊಲಿಗೆಯ ಕಲೆ ಇನ್ನೂ ಕೆಂಪಗಿತ್ತು. ನಂದಾ ಎಸೆದ ಲಟ್ಟಣಿಗೆ ತಾಗಿದ ಜಾಗ. ಬಂದವರ ಕಣ್ಣೆಲ್ಲ ಮೊದಲು ಅಲ್ಲಿಗೆ ಹೋಗುತ್ತಿತ್ತು, ಆಮೇಲೆ ನಂದಾಳ ಕಡೆಗೆ.

ಅವನ ಬೈಕಿನ ಸಪ್ಪಳ ಓಣಿಯ ತುದಿಯಲ್ಲಿ ಕೇಳಿದಾಗಿನಿಂದ ನಂದಾ ಒಂದು ಕಡೆ ಕೂತಿರಲಿಲ್ಲ. ಒಲೆಯ ಕಡೆ ಹೋದಳು, ಕೊಡ ಎತ್ತಿದಳು, ಇಳಿಸಿದಳು, ಹಿತ್ತಲಿಗೆ ಹೋಗಿ ಬಂದಳು. ಅವನು ಎಲ್ಲಿ ನಿಂತಿದ್ದಾನೆ, ಕೈ ಎಲ್ಲಿದೆ, ದನಿ ಹೇಗಿದೆ ಎಂಬುದು ನೋಡದೆಯೇ ಅವಳಿಗೆ ತಿಳಿಯುತ್ತಿತ್ತು. ತಾಯಿಗಾಗಿ ಅಳಲೂ ಪುರಸೊತ್ತಿರಲಿಲ್ಲ. ಇದೊಂದು ದಿನವಾದರೂ ಅವ್ವನಿಗೆ ಸಲ್ಲಬೇಕಿತ್ತು ಎಂದು ಅವಳಿಗೆ ಸಿಟ್ಟು ಬಂತು. ಅವ್ವನ ಮೇಲೂ ಬಂತು. ಇನ್ನೊಂದಿಷ್ಟು ದಿನ ಇದ್ದಿದ್ದರೆ ಆಕೆಯ ಗಂಟೇನು ಹೋಗುತ್ತಿತ್ತು?

*

ತವರಿಗೆ ಬಂದ ವಾರಕ್ಕೆ ಇದೇ ಪಡಸಾಲೆಯಲ್ಲಿ ಹಿರಿಯರು ಕೂತಿದ್ದರು. ಗೌರೀಶ ಹುಬ್ಬು ತೋರಿಸಿದ. ನಂದಾಳಿಗೆ ತೋರಿಸಲು ಏನೂ ಇರಲಿಲ್ಲ. ಅವನು ಹೊಡೆಯುತ್ತಿದ್ದದ್ದು ತಲೆಗೆ, ಕೂದಲಿನೊಳಗೆ.

"ನಾನೂ ಕೈ ಮಾಡೀನ್ರಿ, ಇಲ್ಲನ್ನೂದಿಲ್ಲ," ಎಂದಿದ್ದ ಅವನು ತಲೆ ತಗ್ಗಿಸಿ. "ಆಕಿನೂ ಮಾಡ್ಯಾಳ."

ಇಷ್ಟು ನೆಟ್ಟಗೆ ಒಪ್ಪಿಕೊಂಡವನ ಮೇಲೆ ಯಾರಿಗೆ ಸಿಟ್ಟು ಬರಬೇಕು? ಸಂಗನಬಸವ ತೊಡೆ ತಟ್ಟಿ ತೀರ್ಪು ಹೇಳಿದ. "ಎರಡೂ ಕೈ ಕೂಡಿದ್ರನ ಚಪ್ಪಾಳಿ. ಇಬ್ಬರದೂ ತಪ್ಪೈತಿ, ಸಮಾ ಸಮ ಆತು. ನಂದವ್ವ, ನಿಮ್ಮಪ್ಪ ಅವ್ವ ಬಡದಾಡಿಕೋತನ ಬಾಳೇವು ಮಾಡ್ಲಿಲ್ಲೇನು? ಅವರನ್ನ ನೋಡಿ ಕಲಿ."

ಅನ್ನವ್ವ ಒಳಬಾಗಿಲಲ್ಲಿ ನಿಂತು ಎಲ್ಲ ಕೇಳಿದಳು. ಕೆರೆಯ ದಂಡೆಗೆ ಕೇಳುವ ಬಾಯಿ ಅಂದು ಒದರಲಿಲ್ಲ. ಮಗಳು ಇನ್ನೂ ಸ್ವಲ್ಪ ದಿನ ಇಲ್ಲೇ ಇರಲಿ ಎಂದಷ್ಟೇ ಹೇಳಿ ಒಳಗೆ ಹೋದಳು.

ಮರುದಿನ ಬೆಳಿಗ್ಗೆ ಮೊರದಲ್ಲಿ ಜೋಳ ಹಸನು ಮಾಡುತ್ತ ಅವಳೇ ಮಾತು ತೆಗೆದಳು.

"ಹೊಡದೆ ಅಂತ ನಾಚಬ್ಯಾಡ. ನಾನೂ ಹೊಡದೀನಲ್ಲ."

"ಎಲ್ಲಾರೂ ಅದನ್ನ ಅಂತಾರಬೇ. ನೀನೂ ಹೊಡದಿ, ನಾನೂ ಹೊಡದೆ, ಸಮ ಆತಂತ."

ಅನ್ನವ್ವ ಹರಳು ಹೆಕ್ಕಿ ಹೊರಗೆ ಎಸೆದಳು. "ನಾ ಬಾರಿಗಿ ಎತ್ತಿದಾಗ ನಿಮ್ಮಪ್ಪ ನಕ್ಕ. ಆಂವ ಎತ್ತಿದಾಗ ನಾ ಒಮ್ಮೆನೂ ನಗಲಿಲ್ಲ. ಹೊಡತ ಎಣಸ್ತಾರ ಎಲ್ಲಾರೂ. ಅಂಜಿಕಿ ಯಾರಿಗಿತ್ತು ಅಂತ ಯಾರೂ ಕೇಳಂಗಿಲ್ಲ."

"ಇದನ್ನ ನಿನ್ನೆ ಅವರ ಮುಂದ ಹೇಳಬೇಕಿತ್ತು ನೀ."

"ನಿಮ್ಮಪ್ಪ ಅಲ್ಲೇ ಕುಂತಿದ್ದ."

ಅರವತ್ತು ದಾಟಿದ ಹೆಂಗಸು. ಗಂಡನಿಗೆ ಈಗ ಗೋಡೆ ಹಿಡಿಯದೆ ಎದ್ದು ನಿಲ್ಲಲು ಬರುತ್ತಿರಲಿಲ್ಲ, ಕೈ ಎತ್ತಿ ವರ್ಷಗಳೇ ಆಗಿದ್ದವು. ಆದರೂ ಹೇಳುವಾಗ ಅವಳು ಒಮ್ಮೆ ಬಾಗಿಲ ಕಡೆ ನೋಡಿದಳು. ಆಮೇಲೆ ಮೊರ ಕೆಳಗಿಟ್ಟು, "ನಾ ಇರೂತನಾ ನಿನ್ನ ಕಳಸಂಗಿಲ್ಲ," ಎಂದಳು. ಆ ಮಾತನ್ನು ಉಳಿಸಿಕೊಂಡಳು. ಮಣ್ಣಿನ ಹಿಂದಿನ ದಿನ ಸಂಜೆ ಎದೆನೋವು ಎಂದವಳು ಹುಬ್ಬಳ್ಳಿಯ ಆಸ್ಪತ್ರೆ ಮುಟ್ಟುವ ಮೊದಲೇ ಹೋಗಿಬಿಟ್ಟಳು.

*

ಹೊಲದಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ಕುಳ್ಳಿರಿಸುವ ಗುಂಡಿ ತೆಗೆದಾಗಿತ್ತು. ಅನ್ನವ್ವನನ್ನು ಇಳಿಸಿ, ಪತ್ರಿ, ವಿಭೂತಿ, ಉಪ್ಪು ಹಾಕಿ ಅಯ್ಯನವರು ಮೇಲೆ ಬಂದರು. ಇನ್ನು ಒಬ್ಬೊಬ್ಬರೇ ಬಂದು ಮಣ್ಣು ಕೊಡಬೇಕು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ ನಿಂತರು.

ಸಂಗನಬಸವ ನಂದಾಳ ರಟ್ಟೆ ಹಿಡಿದು ಮುಂದೆ ತಂದ. "ಗೌರೀಶ, ನೀನೂ ಬಾ. ಇಬ್ರೂ ಕೂಡಿ ಹಾಕ್ರಿ. ನಿಮ್ಮನ್ನ ಜೋಡಿ ನೋಡಿ ವೈನಿ ಸಮಾಧಾನಲೆ ಹೋಗ್ಲಿ." ಆಮೇಲೆ ಬಗ್ಗಿ ನಂದಾಳ ಕಿವಿಯಲ್ಲಿ, "ಇಲ್ಲಿಂದ ಹಂಗ ಬೈಕ್ ಹತ್ತವಾ. ಮಂದಿ ಮುಂದ ಹಟ ಮಾಡಬ್ಯಾಡ," ಎಂದ.

ಇಡೀ ಊರು ನೋಡುತ್ತಿತ್ತು. ಇಲ್ಲ ಎಂದರೆ ಅವ್ವನ ಮಣ್ಣಿನಲ್ಲಿ ಜಗಳ ತೆಗೆದವಳಾಗುತ್ತಾಳೆ, ಹೂಂ ಎಂದರೆ ಸಂಜೆಗೆ ಅಣ್ಣಿಗೇರಿ. ನಂದಾ ಬಗ್ಗಿ ಎರಡೂ ಕೈಗಳಲ್ಲಿ ಕರಿಮಣ್ಣು ತೆಗೆದುಕೊಂಡಳು. ಗೌರೀಶ ಬಂದು ಅವಳ ಬಾಜು ನಿಂತ. ಅವನ ಹಣೆಯಿಂದ ಬೆವರು ಹೊಲಿಗೆಯ ಕಲೆಗೆ ಇಳಿದು ಉರಿಯುತ್ತಿತ್ತು. ಒರೆಸಿಕೊಳ್ಳಲು ಸರಕ್ಕನೆ ಬಲಗೈ ಎತ್ತಿದ.

ನಂದಾ ಕುಸಿದಳು. ಮೊಣಕಾಲು ಮಡಚಿ, ತಲೆ ಎದೆಗೆ ಒತ್ತಿ, ಎರಡೂ ಕೈ ತಲೆಯ ಮೇಲೆ ಅಡ್ಡ ಹಿಡಿದು ಕೂತುಬಿಟ್ಟಳು. ತಾಯಿಗೆಂದು ಹಿಡಿದಿದ್ದ ಮಣ್ಣು ಅವಳ ಕೂದಲಿನ ಮೇಲೆಯೇ ಸುರಿಯಿತು.

ಗುದ್ದಲಿ ಹಿಡಿದವರೂ ನಿಂತರು. ಗೌರೀಶನ ಕೈ ಇನ್ನೂ ಹಣೆಯ ಹತ್ತಿರವೇ ಇತ್ತು. "ಬೆವರು ಒರಸಾಕ ಎತ್ತೀನ್ರಿ," ಎಂದ ಎಲ್ಲರ ಕಡೆ ನೋಡಿ. "ನಾ ಏನ ಮಾಡೀನ್ರಿ? ನೀವ ನೋಡೀರಲ್ಲ, ನಾ ಏನೂ ಮಾಡಿಲ್ಲ."

ಅವನು ಹೇಳಿದ್ದು ಖರೆ. ಅವನು ಏನೂ ಮಾಡಿರಲಿಲ್ಲ.

ಶಿವಗಂಗಾ ಹೆಂಗಸರ ಸಾಲಿನಿಂದ ಬಂದು ಇಬ್ಬರ ನಡುವೆ ನಿಂತಳು. "ಸಂಗನಬಸವಣ್ಣ, ಸಮಾ ಸಮ ಅಂದಿದ್ಯಲ್ಲ. ಈಕಿ ಕೈ ಎತ್ತಿದ್ರ ಆಂವ ಹಿಂಗ ಕುಂಡರ್ತಾನೇನು, ಕೇಳು ಅವನ್ನ."

ಸಂಗನಬಸವ ಕೇಳಲಿಲ್ಲ. ನೆಲದ ಮೇಲೆ ಮುದುಡಿದ್ದ ಅಣ್ಣನ ಮಗಳನ್ನೇ ನೋಡುತ್ತ ನಿಂತ. "ಗೌರೀಶ, ಇವತ್ತು ನೀ ಒಬ್ಬನ ಹೋಗಪಾ."

"ನೀವು ಮಾತು ಕೊಟ್ಟಿದ್ರಿ ಕಾಕಾ."

"ಕೊಟ್ಟಿದ್ದೆ. ಈಗ ತಿರುಗಿ ತಗೊಂಡೆ."

ಖಾದರಬಿ ನಂದಾಳನ್ನು ಹಿಡಿದೆಬ್ಬಿಸಿದಳು. ನಂದಾ ಹೊಸದಾಗಿ ಮಣ್ಣು ತೆಗೆದುಕೊಂಡು ಒಬ್ಬಳೇ ಹೋಗಿ ತಾಯಿಗೆ ಕೊಟ್ಟಳು. ಆಗ ಅವಳಿಗೆ ಅಳು ಬಂತು. ಗುಂಡಿಯ ಅಂಚಿನಲ್ಲೇ ನಿಂತು ಮನಸಾರೆ ಅತ್ತಳು. ಹಿಂದೆ ಬೈಕು ಸುರುವಾದದ್ದೂ ಅವಳಿಗೆ ಕೇಳಲಿಲ್ಲ.

ಕೊನೆಗೆ ಶಂಕ್ರಪ್ಪನ ಸರದಿ ಬಂತು. ಇಬ್ಬರು ಹಿಡಿದು ಕರೆತಂದರು. ಅವನು ಬಗ್ಗಿ ಮುಷ್ಟಿ ತುಂಬ ಮಣ್ಣು ಹಿಡಿದು ಕೈ ಎತ್ತಲು ಹೋದ. ಎದುರಿಗೆ, ಒಂದು ಮಾರು ದೂರದಲ್ಲಿ ಮಗಳು ನಿಂತಿದ್ದಳು. ಅವನು ಅವಳನ್ನು ನೋಡಿದ, ಅವಳ ಕೂದಲಲ್ಲಿದ್ದ ಮಣ್ಣನ್ನು ನೋಡಿದ. ಎತ್ತಿದ ಕೈ ಅಲ್ಲೇ ಇಳಿಯಿತು.

"ಹಾಕೋ ಯಣ್ಣಾ," ಎಂದ ಸಂಗನಬಸವ.

ಶಂಕ್ರಪ್ಪ ಹಾಕಲಿಲ್ಲ. ಹಿಡಿದವರ ಕೈ ಬಿಡಿಸಿಕೊಂಡು ಕಷ್ಟಪಟ್ಟು ನೆಲಕ್ಕೆ ಕೂತ. ಆಮೇಲೆ ಕೈಯನ್ನು ನೆಲದಿಂದ ಎತ್ತದೆ, ಮಣ್ಣನ್ನು ಅಂಗೈಯಿಂದ ಸ್ವಲ್ಪ ಸ್ವಲ್ಪವೇ ಗುಂಡಿಯ ಕಡೆಗೆ ದೂಡತೊಡಗಿದ.