ಎರಡೂ ಮೊಟ್ಟೆ ತೇಲಿದ ಶನಿವಾರ

ಮಗುವನ್ನು ಶನಿವಾರದ ವಿಜ್ಞಾನ ಕ್ಲಾಸಿಗೆ ಸೇರಿಸುತ್ತೇನೆ ಎಂದು ಸೊಸೆ ಹೇಳಿದಾಗ ನನಗೆ ಮೈಯೆಲ್ಲ ಉರಿದುಹೋಯಿತು. ಶಾಲೆಯಲ್ಲಿ ವಿಜ್ಞಾನ ಕಲಿಸಿಯೇ ಕೂದಲು ಬೆಳ್ಳಗೆ ಮಾಡಿಕೊಂಡ ಅಜ್ಜಿ ಮನೆಯಲ್ಲಿ ಗುಂಡುಕಲ್ಲಿನ ಹಾಗೆ ಇರುವಾಗ, ಬಲೂನು ಊದಿ ತೋರಿಸುವುದಕ್ಕೆ ಹೊರಗಿನವರು ಬೇಕೇ? ಶನಿವಾರವೆಂದರೆ ನನಗೂ ಐದು ವರ್ಷದ ಮೊಮ್ಮಗಳಿಗೂ ಮೀಸಲಾದ ದಿನ. ಅಡುಗೆಮನೆಯ ಮೇಜೇ ನಮ್ಮ ಪ್ರಯೋಗಶಾಲೆ. ನೀರಿನ ಮೇಲೆ ಕಾಳುಮೆಣಸಿನ ಪುಡಿ ಉದುರಿಸಿ, ಸಾಬೂನು ಹಚ್ಚಿದ ಬೆರಳಿಟ್ಟು ಅದನ್ನು ದಿಕ್ಕಾಪಾಲಾಗಿ ಓಡಿಸಿದ್ದೇವೆ. ನಿಂಬೆರಸಕ್ಕೆ ಅಡುಗೆ ಸೋಡ ಹಾಕಿ ಮೇಜೆಲ್ಲ ನೊರೆ ಮಾಡಿದ್ದೇವೆ. ಆ ದಿನವೂ ಕೈತಪ್ಪಿದರೆ ನನಗೆ ಉಳಿಯುವುದೇನು?

“ಈ ಸಲ ನೀನೇ ಕೂತು ನೋಡು. ನನ್ನ ಪಾಠ ಸಪ್ಪೆ ಅನಿಸಿದ್ರೆ ಕ್ಲಾಸಿಗೆ ಸೇರಿಸು. ಆಮೇಲೆ ನಾನು ತುಟಿಪಿಟಕ್ ಅನ್ನಲ್ಲ,” ಎಂದೆ.

“ಸರಿ ಅತ್ತೆ,” ಎಂದಳು ಸೊಸೆ. ವಾರವೆಲ್ಲ ಔಷಧಿ ಅಂಗಡಿಯಲ್ಲಿ ನಿಂತು ದುಡಿಯುವವಳು. ಜಾಸ್ತಿ ಮಾತಿಲ್ಲ.

ಗೆಲ್ಲುವುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿರಲಿಲ್ಲ. ಎರಡು ಗಾಜಿನ ಲೋಟ, ಎರಡು ಬೇಯಿಸಿದ ಮೊಟ್ಟೆ. ಒಂದು ಲೋಟದಲ್ಲಿ ಬರೀ ನೀರು, ಇನ್ನೊಂದರಲ್ಲಿ ಧಾರಾಳವಾಗಿ ಉಪ್ಪು ಕದಡಿದ ನೀರು. ಬರೀ ನೀರಿನಲ್ಲಿ ಮೊಟ್ಟೆ ಮುಳುಗುತ್ತದೆ, ಉಪ್ಪುನೀರಿನಲ್ಲಿ ತೇಲುತ್ತದೆ. ಹಿಂದಿನ ದಿನವೇ ಮಾಡಿ ನೋಡಿದ್ದೆವು. ಚಿನಕುರುಳಿ, ಅಂದರೆ ನನ್ನ ಮೊಮ್ಮಗಳು, ಎರಡು ಮೊಟ್ಟೆಗೂ ಪೆನ್ನಿನಲ್ಲಿ ಕಣ್ಣು, ಮೂಗು, ನಗುವ ಬಾಯಿ ಬರೆದಿದ್ದಳು.

ಲೋಟಗಳನ್ನು ಅಣಿಮಾಡಿಟ್ಟು ಸೊಸೆಯನ್ನು ಕರೆತಂದೆ. ಗಂಟಲು ಸರಿಮಾಡಿಕೊಂಡು, “ನೋಡು, ಇದು ಸೀದಾ ತಳ ಸೇರತ್ತೆ,” ಎನ್ನುತ್ತಾ ಬರೀ ನೀರಿನ ಲೋಟಕ್ಕೆ ಮೊಟ್ಟೆ ಬಿಟ್ಟೆ.

ಅದು ಆರಾಮಾಗಿ ತೇಲಿತು. ಇನ್ನೊಂದು ಲೋಟಕ್ಕೆ ಇನ್ನೊಂದನ್ನು ಬಿಟ್ಟೆ. ಅದೂ ತೇಲಿತು. ನನ್ನ ಮುಖ ಹುಳ್ಳಗಾಯಿತು.

“ಮೊಟ್ಟೆ ಹಳೇದಿರಬೇಕು,” ಎಂದೆ. ನಿನ್ನೆ ಮುಳುಗಿದ್ದು ಇವತ್ತಿಗೆ ಹಳೆಯದಾಯಿತೇ? ಮಕ್ಕಳು ಇಂಥ ಸಬೂಬು ಹೇಳಿದ್ದರೆ ನಾನೇ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆ.

ಸೊಸೆ ನಗಲಿಲ್ಲ. ಎದ್ದು ಹೋಗಿ ಇನ್ನೊಂದು ಲೋಟದಲ್ಲಿ ನಲ್ಲಿ ನೀರು ಹಿಡಿದು ತಂದಳು. ಮೊದಲ ಲೋಟದಲ್ಲಿ ತೇಲುತ್ತಿದ್ದ ಮೊಟ್ಟೆಯನ್ನು ಎತ್ತಿ ಅದಕ್ಕೆ ಬಿಟ್ಟಳು. ಮೊಟ್ಟೆ ಟಣ್ಣೆಂದು ತಳ ಸೇರಿತು.

“ಅಮ್ಮಾ, ತೆಗಿ! ಅದಕ್ಕೆ ಉಸಿರು ಕಟ್ಟತ್ತೆ!” ಚಿನಕುರುಳಿ ಚೀರಿದಳು.

ಸೊಸೆ ನನ್ನ ಬರೀ ನೀರಿನ ಲೋಟಕ್ಕೆ ಬೆರಳದ್ದಿ ನೆಕ್ಕಿ, ಮುಖ ಕಿವುಚಿದಳು. “ಉಪ್ಪು! ನೀನು ಹಾಕಿದ್ಯೇನೇ?”

“ಅಜ್ಜಿ ನಿನ್ನ ಕರೆಯೋಕೆ ಹೋದಾಗ ಹಾಕ್ದೆ. ನಿನ್ನೆ ಪಾಪ, ಅದು ಮುಳುಗಿ ಒಳಗಿಂದ ನನ್ನೇ ನೋಡ್ತಿತ್ತು.”

ಸೊಸೆ ಬಿದ್ದು ಬಿದ್ದು ನಕ್ಕಳು. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, “ಅದಕ್ಕೆ ಉಸಿರಾಟ ಇದ್ಯೋ ಇಲ್ವೋ, ಹೇಗೆ ಕಂಡುಹಿಡಿಯೋದು?” ಎಂದಳು.

“ಗುಳ್ಳೆ ಬರತ್ತಾ ನೋಡೋಣ. ಸ್ನಾನ ಮಾಡುವಾಗ ನಾನು ಬಿಡ್ತೀನಲ್ಲ, ಹಾಗೆ.”

ಇಬ್ಬರೂ ಲೋಟಕ್ಕೆ ಮೂಗು ತಾಗಿಸಿ ಕೂತರು. ಮಗುವಿಗೆ ಎಂಥ ಉಪಾಯ! ನನಗೇ ಹೊಳೆದಿರಲಿಲ್ಲ. ನನ್ನ ಶಿಷ್ಯೆ ಎಂಬ ಹೆಮ್ಮೆಯಿಂದ ಎದೆಯುಬ್ಬಿತು, ಗೆದ್ದೆ ಅಂದುಕೊಂಡೆ. “ಈಗ ಹೇಳು, ಇನ್ನೂ ಕ್ಲಾಸ್ ಬೇಕಾ?”

“ಬೇಕು ಅತ್ತೆ.”

ನಾನು ಬಾಯಿ ತೆರೆಯುವ ಮೊದಲೇ ಅವಳೇ ಹೇಳಿದಳು. “ನಿಮ್ಮ ಪಾಠಕ್ಕೆ ಏನೂ ಕಮ್ಮಿ ಇಲ್ಲ. ಕ್ಲಾಸಿಗೆ ಅರ್ಧ ಗಂಟೆ ನಡೀಬೇಕು. ಹೋಗ್ತಾ ಬರ್ತಾ ಇವಳು ನನ್ನ ಜೊತೆ ಇರ್ತಾಳಲ್ಲ ಅಂತ. ನನಗೆ ರಜ ಇರೋದೂ ಶನಿವಾರ ಒಂದೇ.”

ಮೊಮ್ಮಗಳನ್ನು ಕಿತ್ತುಕೊಳ್ಳುತ್ತಾಳೆ ಎಂದು ಹಾರಾಡಿದ್ದೆ. ಕಿತ್ತುಕೊಂಡು ಕೂತಿದ್ದವಳು ನಾನೇ. ಬಾಯಿಬಿಟ್ಟು ಕೇಳಬಾರದಿತ್ತೇ ಇವಳು? ಕೇಳಿದ್ದರೆ ನಾನು ಕೊಡುತ್ತಿದ್ದೆನೇ?

“ಜೊತೆಗಿರೋಕೆ ಅಷ್ಟು ದೂರ ಯಾಕೆ ನಡೀತೀಯಾ? ಇನ್ಮೇಲೆ ಶನಿವಾರ ನಿಮ್ಮಿಬ್ಬರದು,” ಎಂದು ಮೇಲೆದ್ದೆ.

“ಅಜ್ಜೀ, ಎಲ್ಲಿಗೆ?”

“ಇಲ್ಲೇ ರೂಮಲ್ಲಿ ಇರ್ತೀನಿ. ಬೇಕಾದ್ರೆ ಕರಿ, ಬರ್ತೀನಿ.”

ಮಂಚದ ಮೇಲೆ ಕೂತೆ. ಅಡುಗೆಮನೆಯಲ್ಲಿ ಲೋಟದ ಸದ್ದು, ಪಿಸುಮಾತು, ಆಮೇಲೆ ಇಬ್ಬರದೂ ನಗು. ನನ್ನ ಕಿವಿಯೆಲ್ಲ ಅಲ್ಲೇ ಇತ್ತು. ಬಹಳ ಹೊತ್ತು ಯಾರೂ ನನ್ನನ್ನು ಕರೆಯಲಿಲ್ಲ. ನಾನೂ ಎದ್ದು ಹೋಗಲಿಲ್ಲ.